ಬೆಸುಗೆಗೆ ಮುಂಚಿನ ಗಂಟೆಗಳ ಲೆಕ್ಕ

ಜ್ಞಾನಭಾರತಿಯ ಸುತ್ತಮುತ್ತ ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗ ಹುಡುಗಿಯರು ಬಹಳ. ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲೂ ಮೈಸೂರು ರಸ್ತೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಪ್ರಾಜೆಕ್ಟ್ ಕಾಲ ಬಂತೆಂದರೆ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋಗಿ ಐಸಿ (ಇಂಟಿಗ್ರೇಟೆಡ್ ಸರ್ಕ್ಯೂಟ್ ಚಿಪ್) ತರುವ ಓಡಾಟ ಶುರುವಾಗುತ್ತದೆ. ಸರ್ಕ್ಯೂಟ್ ವಿನ್ಯಾಸ, ಪ್ರೋಗ್ರಾಂ, ಬೆಸುಗೆ ಎಲ್ಲದರ ಬಗ್ಗೆಯೂ ಚರ್ಚೆ ನಡೆಯುತ್ತದೆ. ತಂದ ಐಸಿಯನ್ನು ಬೆಸುಗೆಯ ದಿನದವರೆಗೆ ಹೇಗೆ ಇಡಬೇಕು ಎಂಬ ಮಾತು ಮಾತ್ರ ಹಿಂದೆ ಬೀಳುತ್ತದೆ. ಬೋರ್ಡ್ ತಯಾರಿಸುವ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಅದೇ ಒಂದು ಕಸುಬು.

ಐಸಿಯ ಕಪ್ಪು ಮೈ ಕಲ್ಲಿನಂತೆ ಕಂಡರೂ ಅದು ಎಪಾಕ್ಸಿ ಪ್ಲಾಸ್ಟಿಕ್. ಗಾಳಿಯ ತೇವವನ್ನು ನಿಧಾನವಾಗಿ ಹೀರುತ್ತಲೇ ಇರುತ್ತದೆ. ಹಿಂದೆ ಐಸಿಯ ಕಾಲುಗಳು ಬೋರ್ಡಿನ ರಂಧ್ರದೊಳಗೆ ಇಳಿಯುತ್ತಿದ್ದವು. ಬೆಸುಗೆ ತಳಭಾಗದಲ್ಲಿ ನಡೆಯುತ್ತಿದ್ದುದರಿಂದ ಮೇಲಿನ ಮೈಗೆ ಅಷ್ಟು ಶಾಖ ತಟ್ಟುತ್ತಿರಲಿಲ್ಲ. ಬೋರ್ಡಿನ ಮೇಲ್ಮೈಗೇ ಕೂರಿಸುವ ಪದ್ಧತಿ ಬಂದ ಮೇಲೆ ಇಡೀ ಐಸಿ ಬೆಸುಗೆ ಕರಗಿಸುವ ರೀಫ್ಲೋ ಓವನ್ನಿನೊಳಗೆ ಹಾದುಹೋಗಬೇಕಾಯಿತು. 2006ರ ಜುಲೈ 1ರಿಂದ ಐರೋಪ್ಯ ಒಕ್ಕೂಟ ಸೀಸಕ್ಕೆ ಮಿತಿ ಹಾಕಿದಾಗ ಶಾಖ ಇನ್ನಷ್ಟು ಏರಿತು. ತವರ-ಸೀಸದ ಹಳೆಯ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತಿತ್ತು. ಸೀಸವಿಲ್ಲದ್ದು ಕರಗಲು ಸುಮಾರು 217 ಡಿಗ್ರಿ ಬೇಕು. ಓವನ್ನಿನ ಗರಿಷ್ಠ ಶಾಖ 260 ಡಿಗ್ರಿಯವರೆಗೂ ಹೋಗಬಹುದು.

ಆ ಶಾಖದಲ್ಲಿ ಒಳಗಿನ ತೇವ ಕ್ಷಣದಲ್ಲಿ ಹಬೆಯಾಗಿ, ಹೊರಬರಲು ದಾರಿ ಸಿಗದೆ ಒತ್ತುತ್ತದೆ. ಪ್ಲಾಸ್ಟಿಕ್ ಪದರ ಸಿಲಿಕಾನ್‌ನಿಂದ ಬಿಟ್ಟುಕೊಳ್ಳುತ್ತದೆ, ಕೂದಲಿಗಿಂತ ತೆಳುವಾದ ತಂತಿಗಳು ಕಿತ್ತುಹೋಗುತ್ತವೆ, ಒಮ್ಮೊಮ್ಮೆ ಮೈಯೇ ಸೀಳುತ್ತದೆ. ಉದ್ಯಮದವರು ಇದಕ್ಕೆ ಪಾಪ್‌ಕಾರ್ನಿಂಗ್ ಎನ್ನುತ್ತಾರೆ. ಸೀಳು ಹೊರಗೆ ಕಂಡರೆ ಪುಣ್ಯ, ಬೋರ್ಡ್ ಅಲ್ಲೇ ತಿರಸ್ಕೃತವಾಗುತ್ತದೆ. ಒಳಗೇ ಬಿರುಕು ಬಿಟ್ಟ ಐಸಿ ಪರೀಕ್ಷೆಯಲ್ಲಿ ಪಾಸಾಗಿ, ಯಾವುದೋ ಆಸ್ಪತ್ರೆಯ ಯಂತ್ರದಲ್ಲೋ ಬಸ್ಸಿನ ನಿಯಂತ್ರಣ ಪೆಟ್ಟಿಗೆಯಲ್ಲೋ ತಿಂಗಳುಗಳ ನಂತರ ಕೈಕೊಡಬಹುದು. ಅಂಥ ಬಿರುಕನ್ನು ನೋಡಲು ಶ್ರವಣಾತೀತ ತರಂಗದ ಸೂಕ್ಷ್ಮದರ್ಶಕವೇ ಬೇಕು.

ಇದನ್ನು ತಡೆಯಲೆಂದೇ ಜೆಡೆಕ್ ಮತ್ತು ಐಪಿಸಿ ಸಂಸ್ಥೆಗಳು ಸೇರಿ ಜೆ-ಎಸ್‌ಟಿಡಿ-020, ಜೆ-ಎಸ್‌ಟಿಡಿ-033 ಎಂಬ ಎರಡು ಮಾನದಂಡಗಳನ್ನು ರೂಪಿಸಿವೆ. ಮೊದಲನೆಯದು ಐಸಿಗಳನ್ನು ತೇವಕ್ಕೆ ಅಂಜುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸುತ್ತದೆ, ಎರಡನೆಯದು ಅವನ್ನು ನೋಡಿಕೊಳ್ಳುವ ಕ್ರಮ ಹೇಳುತ್ತದೆ. 1ನೇ ಮಟ್ಟದ್ದನ್ನು ಬೆಸೆಯಲು ಗಡುವಿಲ್ಲ. 2ನೆಯದಕ್ಕೆ ತೇವ ತಡೆಯುವ ಚೀಲ ಒಡೆದ ಮೇಲೆ ಒಂದು ವರ್ಷ, 2ಎಗೆ ನಾಲ್ಕು ವಾರ, 3ಕ್ಕೆ 168 ಗಂಟೆ, 4ಕ್ಕೆ 72, 5ಕ್ಕೆ 48, 5ಎಗೆ 24 ಗಂಟೆ. 6ನೇ ಮಟ್ಟದ್ದನ್ನು ಬಳಸುವ ಮುನ್ನ ಒಣಗಿಸಲೇಬೇಕು.

2ರಿಂದ ಮುಂದಿನ ಈ ಗಡುವುಗಳು 30 ಡಿಗ್ರಿ ಮೀರದ, ಸಾಪೇಕ್ಷ ಆರ್ದ್ರತೆ ಶೇ 60 ದಾಟದ ಕೋಣೆಗೆ ಮಾತ್ರ ಅನ್ವಯ. ಬೆಂಗಳೂರಿನ ಹವೆ ತಂಪೆಂದು ನಾವು ಮೆಚ್ಚಿಕೊಳ್ಳುತ್ತೇವೆ. ಆದರೆ ಮುಂಗಾರಿನ ತಿಂಗಳುಗಳಲ್ಲಿ ಕಿಟಕಿ ತೆರೆದ ಕೋಣೆಯ ಗಾಳಿ ಶೇ 60ನ್ನು ಸುಲಭವಾಗಿ ಮೀರುತ್ತದೆ. ಆಗ ಗಡುವನ್ನು ಮೊಟಕುಗೊಳಿಸಬೇಕು.

ತಯಾರಕರಿಂದ ಬರುವ ಬೆಳ್ಳಿಬಣ್ಣದ ಚೀಲ ತೇವ ನುಸುಳದಂತೆ ಅಂಟಿಸಿದ್ದು. ಒಳಗೆ ತೇವ ಹೀರುವ ಪೊಟ್ಟಣ, ಜೊತೆಗೆ ಶೇ 5, 10, 60ರ ಚುಕ್ಕೆಗಳಿರುವ ಸೂಚಕ ಕಾರ್ಡ್. ತೇವ ತಗುಲಿದ ಚುಕ್ಕೆ ಬಣ್ಣ ಬದಲಿಸುತ್ತದೆ. 2ಎಯಿಂದ 5ಎವರೆಗಿನ ಐಸಿಗಳ ಚೀಲದಲ್ಲಿ ಶೇ 10ರ ಚುಕ್ಕೆ ಬಣ್ಣ ಕಳೆದುಕೊಂಡಿದ್ದರೆ ಅವು ನೇರ ಬೆಸುಗೆಗೆ ಹೋಗುವಂತಿಲ್ಲ. ಚೀಲ ಒಡೆದವರು ಲೇಬಲ್ ಮೇಲೆ ದಿನಾಂಕ, ಸಮಯ ಬರೆಯುತ್ತಾರೆ. ಉಳಿದ ಐಸಿಗಳು ಶೇ 5ಕ್ಕಿಂತ ಕಡಿಮೆ ಆರ್ದ್ರತೆಯ ಡ್ರೈ ಕ್ಯಾಬಿನೆಟ್‌ಗೆ ಹೋಗುತ್ತವೆ. ಹೊರಗಿದ್ದ ಗಂಟೆಗಳನ್ನು ಶಿಫ್ಟಿನಿಂದ ಶಿಫ್ಟಿಗೆ ಕೂಡಿಸುತ್ತಾ ಹೋಗಬೇಕು.

ಗಡುವು ಮೀರಿದರೆ ಬೇಕಿಂಗ್, ಅಂದರೆ ಕಾಯಿಸಿ ಒಣಗಿಸುವುದು. ಶಾಖ ತಡೆಯುವ ಟ್ರೇಯಲ್ಲಿದ್ದರೆ 125 ಡಿಗ್ರಿಯಲ್ಲಿ, ಐಸಿಯ ದಪ್ಪ ಮತ್ತು ಮಟ್ಟ ನೋಡಿ ಸಾಮಾನ್ಯವಾಗಿ ಕೆಲವು ಗಂಟೆಗಳಿಂದ ಎರಡು ದಿನಗಳವರೆಗೆ. ಪ್ಲಾಸ್ಟಿಕ್ ರೀಲ್ ಆ ಶಾಖಕ್ಕೆ ಸೊಟ್ಟಗಾಗುತ್ತದೆ. ಅದಕ್ಕೆ 40 ಡಿಗ್ರಿಯ ಒಣಗಾಳಿಯೇ ಗತಿ, ವಾರಗಟ್ಟಲೆ ಹಿಡಿಯಬಹುದು. ಮತ್ತೆ ಮತ್ತೆ ಕಾಯಿಸಿದರೆ ಕಾಲುಗಳ ಲೋಹಕ್ಕೆ ಕಿಲುಬು ಹಿಡಿದು ಬೆಸುಗೆ ಕಚ್ಚುವುದಿಲ್ಲ. ಇನ್ನೊಂದು ಇಕ್ಕಟ್ಟೂ ಇದೆ: ಗಾಳಿ ಒಣಗಿದಷ್ಟೂ ಐಸಿಯನ್ನು ಕೆಡಿಸುವ ಸ್ಥಾಯಿ ವಿದ್ಯುತ್ ಹೆಚ್ಚು. ಅದಕ್ಕೇ ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಳ್ಳದೆ ಐಸಿ ಮುಟ್ಟಬಾರದು.

1948ರ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್), 1954ರ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಬೆಂಗಳೂರಿಗೆ ಎಲೆಕ್ಟ್ರಾನಿಕ್ಸ್ ಕೈಕಸುಬನ್ನು ತಂದವು. ಮೈಸೂರಿನ ಕೇನ್ಸ್‌ನಂಥ ಕಂಪನಿಗಳು ಇಂದು ಅದೇ ಕಸುಬಿನ ಮೇಲೆ ನಿಂತಿವೆ. ನಮ್ಮ ಮಕ್ಕಳು ದುಡಿಯಲು ಹೋಗುವುದೂ ಇಂಥಲ್ಲಿಗೇ. ಸ್ಟೋರ್ಸ್‌ನಲ್ಲಿ ಲೇಬಲ್ ಬರೆಯುವ ಕೈಗೆ ವಿನ್ಯಾಸಕಾರನ ಕೈಯಷ್ಟೇ ಗೌರವ ಸಲ್ಲಬೇಕು, ಏಕೆಂದರೆ ಅಲ್ಲಿ ತಪ್ಪಿದ್ದನ್ನು ಮುಂದಿನ ಯಾವ ಹಂತವೂ ಸರಿಪಡಿಸಲಾರದು. ಕಾಲೇಜಿನ ಲ್ಯಾಬ್‌ನಲ್ಲಿ ಇದನ್ನು ಕಲಿಸಲು ದುಬಾರಿ ಯಂತ್ರ ಬೇಕಿಲ್ಲ. ಗಾಳಿಯಾಡದ ಡಬ್ಬಿ, ಹೊಸ ಸಿಲಿಕಾ ಜೆಲ್, ಒಂದು ಸೂಚಕ ಕಾರ್ಡ್, ಚೀಲ ಒಡೆದ ಸಮಯ ಬರೆಯಲು ಒಂದು ಪೆನ್ನು. ಈ ವರ್ಷದ ಪ್ರಾಜೆಕ್ಟಿನಿಂದಲೇ ಶುರುಮಾಡಬಹುದು.