ತುಣುಕಿನ ನಾಮಕರಣ

ನಮ್ಮ ಮನೆತನದಲ್ಲಿ ಒಂದು ಕಾಲಕ್ಕೆ ಮೂವರು ವೆಂಕಟರಮಣರಿದ್ದರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆ. ಅಜ್ಜನಿಗೆ ಗಂಡುಮಕ್ಕಳು ಮೂವರಾದ್ದರಿಂದ ವೆಂಕಟರಮಣರೂ ಮೂವರಾದರು. ಅವರವರ ಮನೆಗಳಲ್ಲಿ ಇದರಿಂದ ತೊಂದರೆಯೇನೂ ಇರಲಿಲ್ಲ. ಊರಿನ ತೇರಿಗೆಂದು ಎಲ್ಲರೂ ಒಂದೇ ಸೂರಿನಡಿ ಸೇರಿದಾಗ ಮಾತ್ರ ಅಜ್ಜಿ ಒಬ್ಬನನ್ನು ಕೂಗಿದರೆ ಮೂವರು ಓಗೊಡುತ್ತಿದ್ದರು. ಒಬ್ಬನ ಪಾಲಿನ ಉಂಡೆಯನ್ನು ಇನ್ನೊಬ್ಬ ತಿಂದು ಕೈತೊಳೆದಿರುತ್ತಿದ್ದ. ಕೊನೆಗೆ ಅಜ್ಜಿಯೇ ಹಾಸನದ ವೆಂಕಟ, ತುಮಕೂರಿನ ವೆಂಕಟ ಎಂದು ಊರಿನ ಹೆಸರು ಹಚ್ಚಿ ಕರೆಯತೊಡಗಿದರು.

ಚಿತ್ರೀಕರಣದ ಕ್ಯಾಮರಾಗಳ ವಿಷಯ ಬರೆಯಹೊರಟವನಿಗೆ ಈ ಹಳೆಯ ಕಥೆ ಏಕೆ ಎಂದು ವಾಚಕರು ಕೇಳಬಹುದು. ಆ ಯಂತ್ರಗಳಿಗೆ ಒದಗಿದ ಸಂಕಟವೂ ನಮ್ಮ ಅಜ್ಜಿಯದೇ. ಅವು ಕಂಡುಕೊಂಡ ಉಪಾಯವೂ ಬಹುಮಟ್ಟಿಗೆ ಅವರದೇ.

ಫಿಲ್ಮಿನ ಕಾಲದಲ್ಲಿ ಈ ತೊಡಕು ಇಷ್ಟಿರಲಿಲ್ಲ. ಕಚ್ಚಾ ಫಿಲ್ಮಿನ ಅಂಚಿನಲ್ಲಿ ಅಡಿಗೊಂದರಂತೆ ಏರುವ ಸಂಖ್ಯೆಯನ್ನು ಕಾರ್ಖಾನೆಯವರೇ ಅಚ್ಚೊತ್ತಿ ಕಳುಹಿಸುತ್ತಿದ್ದರು. 35 ಮಿಲಿಮೀಟರ್ ಫಿಲ್ಮಿನಲ್ಲಿ ಅಡಿಗೆ 16 ಚೌಕಟ್ಟುಗಳು. ಸಂಕಲನಕಾರನು ನಕಲು ಪ್ರತಿಯನ್ನು ಮನಬಂದಂತೆ ಕತ್ತರಿಸಿ ಅಂಟಿಸಿದ ಮೇಲೆ, ನೆಗೆಟಿವ್ ಕತ್ತರಿಸುವವನು ಅಂಚಿನ ಅಂಕಿಗಳನ್ನು ಓದಿ ಮೂಲದಲ್ಲಿ ಅದೇ ಸ್ಥಳವನ್ನು ಹುಡುಕುತ್ತಿದ್ದ. 1990ರಲ್ಲಿ ಕೊಡಕ್ ಸಂಸ್ಥೆ ಆ ಅಂಕಿಗಳ ಪಕ್ಕದಲ್ಲಿ ಯಂತ್ರವೂ ಓದಬಲ್ಲ ಪಟ್ಟೆಗಳನ್ನು ಮುದ್ರಿಸತೊಡಗಿತು. ಹೀಗೆ ಚಿತ್ರ ಹುಟ್ಟುವುದಕ್ಕೆ ಮೊದಲೇ ಅದರ ಹಣೆಬರಹ ಸಿದ್ಧವಾಗಿರುತ್ತಿತ್ತು. ಆಮೇಲೆ ಟೇಪು ಬಂದಾಗ ಸಮಯಸಂಕೇತದ ಗಂಟೆಯ ಸ್ಥಾನದಲ್ಲಿ ಟೇಪಿನ ಸಂಖ್ಯೆಯನ್ನೇ ಕೂರಿಸುವ ಜಾಣತನ ರೂಢಿಯಾಯಿತು. ಮೂರನೆಯ ಟೇಪು ಮೂರು ಗಂಟೆಯಿಂದ ಆರಂಭವಾಗುತ್ತಿತ್ತು.

ಟೇಪು ಹೋಗಿ ಅಂಗೈಯಲ್ಲಿ ಅಡಗುವ ಕಾರ್ಡು ಬಂದಾಗ ಗೊಂದಲ ಮೊದಲಾಯಿತು. ಕಾರ್ಡಿಗೆ ಅಂಚಿಲ್ಲ, ಅಂಚಿನ ಅಂಕಿಯೂ ಇಲ್ಲ. ಗುಂಡಿ ಒತ್ತಿದಾಗಲೆಲ್ಲ ಕ್ಯಾಮರಾ ಒಂದು ಹೊಸ ಕಡತವನ್ನು ತೆರೆದು ತಾನೇ ಹೆಸರಿಡಬೇಕು. ಹಲವು ಕ್ಯಾಮರಾಗಳು ಒಂದು, ಎರಡು, ಮೂರು ಎಂದು ಎಣಿಸಿ ಸುಮ್ಮನಾಗುತ್ತವೆ. ಬೇರೆ ಕಾರ್ಡು ಹಾಕಿದರೆ ಮತ್ತೆ ಒಂದು. ಕಾರ್ಡುಗಳು ಬೇರೆಬೇರೆಯಾಗಿರುವ ತನಕ ಕೇಡಿಲ್ಲ. ಒಂದೇ ಸೂರಿನಡಿ ತಂದಾಗ ತಾನೆ ಉಂಡೆಯ ಜಗಳ?

ಈ ಜಗಳದಲ್ಲಿ ನಾನೂ ಒಮ್ಮೆ ಸೋತಿದ್ದೇನೆ. ಕೆಲವು ವರ್ಷಗಳ ಹಿಂದೆ, ಉತ್ತರ ಕರ್ನಾಟಕದ ಹಳ್ಳಿಯೊಂದರಲ್ಲಿ ಬೀಸುವ ಕಲ್ಲಿನ ಪದ ಹಾಡುವ ವೃದ್ಧೆಯೊಬ್ಬರನ್ನು ಚಿತ್ರೀಕರಿಸಿಕೊಂಡಿದ್ದೆ. ಬೆಳಗಿನ ಹಾಡು ಒಂದು ಕಾರ್ಡಿನಲ್ಲಿ, ಹನ್ನೊಂದು ತುಣುಕು. ಮಧ್ಯಾಹ್ನದ್ದು ಇನ್ನೊಂದರಲ್ಲಿ, ಏಳು. ರಾತ್ರಿ ವಸತಿಗೃಹದಲ್ಲಿ ಮೊದಲನೆಯ ಕಾರ್ಡನ್ನು ಗಣಕಯಂತ್ರಕ್ಕೆ ಇಳಿಸಿ, ಎರಡನೆಯದನ್ನೂ ಅದೇ ಕೋಶಕ್ಕೆ ಇಳಿಸಿದೆ. ಈ ಹೆಸರಿನವು ಈಗಾಗಲೇ ಇವೆ, ಅವುಗಳ ಸ್ಥಾನದಲ್ಲಿ ಇವನ್ನು ಇಡಲೇ ಎಂದು ಯಂತ್ರ ವಿನಯದಿಂದಲೇ ಕೇಳಿತು. ನಿದ್ದೆಗಣ್ಣಿನಲ್ಲಿ ಹೂಂ ಎಂದೆ. ಮರುದಿನದ ಕೆಲಸಕ್ಕೆಂದು ಎರಡು ಕಾರ್ಡುಗಳನ್ನೂ ಒರಸಿಯೂ ಬಿಟ್ಟೆ.

ಇರಲಿ. ವೃತ್ತಿಪರ ಕ್ಯಾಮರಾಗಳನ್ನು ನಿರ್ಮಿಸುವವರು ಇದಕ್ಕೆ ಕಂಡ ಪರಿಹಾರವನ್ನು ನೋಡೋಣ. ಪ್ಯಾನಸೋನಿಕ್ ಸಂಸ್ಥೆಯ ಪಿ2 ಕಾರ್ಡುಗಳಲ್ಲಿ ಹೆಸರಿಗೆ ಆರೇ ಅಕ್ಷರ: ಮೊದಲ ನಾಲ್ಕು ಎಣಿಕೆಗೆ, ಉಳಿದೆರಡು ಯಂತ್ರ ತನಗೆ ತೋಚಿದಂತೆ ಆರಿಸಿದವು. ಅಮೆರಿಕದ ರೆಡ್ ಕ್ಯಾಮರಾ, 2007ರಲ್ಲಿ ಬಂದದ್ದು, ಇನ್ನೂ ಮುಂದೆ ಹೋಯಿತು. ಅದರ ಹೆಸರಿನಲ್ಲಿ ಕ್ಯಾಮರಾದ ಅಕ್ಷರ, ಸುರುಳಿಯ ಸಂಖ್ಯೆ, ತುಣುಕಿನ ಸಂಖ್ಯೆ, ತಿಂಗಳು ಮತ್ತು ದಿನ, ಎರಡು ತೋಚಿಕೆಯ ಅಕ್ಷರ, ಕಡೆಗೆ ಭಾಗದ ಸಂಖ್ಯೆ. ಕಡತವೊಂದು ನಾಲ್ಕು ಗಿಗಾಬೈಟನ್ನು ಮೀರದಂತೆ ದೀರ್ಘ ದೃಶ್ಯವನ್ನು ಹೋಳು ಮಾಡುವುದರಿಂದ ಆ ಕೊನೆಯ ಸಂಖ್ಯೆ ಬೇಕಾಯಿತು.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಮ್ಯೂನಿಕ್ ನಗರದ ಆರಿ ಸಂಸ್ಥೆ 2010ರಲ್ಲಿ ಅಲೆಕ್ಸಾ ಕ್ಯಾಮರಾದೊಡನೆ ತಂದ ಕ್ರಮ. ಎ003ಸಿ012 ಎಂದರೆ 'ಎ' ಕ್ಯಾಮರಾ, ಮೂರನೆಯ ಸುರುಳಿ, ಹನ್ನೆರಡನೆಯ ತುಣುಕು. ಅದರ ಬೆನ್ನಿಗೆ 150114 ಎಂದಿದ್ದರೆ 2015ರ ಜನವರಿ 14. ಕೊನೆಯಲ್ಲಿ ಆ ಕ್ಯಾಮರಾದ ಸ್ವಂತ ಗುರುತು. ಕಾರ್ಡಿನಲ್ಲಿ ಸುರುಳಿ ಎಲ್ಲಿದೆ ಎಂದು ಕೇಳಬೇಡಿ. ಕಾಸಿನ ನಾಣ್ಯ ಹೋಗಿ ಎಷ್ಟೋ ಕಾಲವಾದರೂ ನಾವು ಕೈಯಲ್ಲಿ ಕಾಸಿಲ್ಲ ಎನ್ನುತ್ತೇವಲ್ಲ, ಹಾಗೆ. ಇನ್ನು ಆ ಮೊದಲ ಭಾಗ ರೋಮನ್ ಲಿಪಿಯಲ್ಲಿ ಸರಿಯಾಗಿ ಎಂಟು ಅಕ್ಷರ. ಟೇಪಿನ ಕಾಲದ ಸಿಎಂಎಕ್ಸ್ 3600 ಎಂಬ ಸಂಕಲನ ಪಟ್ಟಿಯಲ್ಲಿ ಸುರುಳಿಯ ಹೆಸರಿಗೆ ಎಂಟೇ ಅಕ್ಷರಗಳ ಅವಕಾಶ. ಆ ಹಳೆಯ ಪಟ್ಟಿಯೊಳಕ್ಕೂ ಈ ಹೊಸ ಹೆಸರು ಮೈ ಕುಗ್ಗಿಸದೆ ಕೂರುತ್ತದೆ. ಹೊಸ ಸೊಸೆ ಹಳೆಯ ಅಡುಗೆಮನೆಯ ಅಳತೆಗೆ ಹೊಂದಿಕೊಂಡಂತೆ.

ಈ ಹೆಸರುಗಳಲ್ಲಿ ಯಾವುದೂ ತುಣುಕಿನ ಒಳಗೇನಿದೆ ಎಂದು ಹೇಳುವುದಿಲ್ಲ. ದೃಶ್ಯ ಯಾವುದು, ಎಷ್ಟನೆಯ ಟೇಕು ಎಂದು ಸಾರುವ ಕೆಲಸ ಇಂದಿಗೂ ಕ್ಲಾಪ್ ಬೋರ್ಡಿನದು. ಅಮೆರಿಕನ್ನರು ಅದರ ಮೇಲೆ ದೃಶ್ಯದ ಸಂಖ್ಯೆಗೆ ಅಕ್ಷರ ಹಚ್ಚುವಾಗ 'ಐ' ಮತ್ತು 'ಓ'ಗಳನ್ನು ಬಿಟ್ಟುಬಿಡುತ್ತಾರೆ, ಒಂದು ಸೊನ್ನೆಗಳೆಂದು ಕಣ್ಣು ಮೋಸಹೋಗಬಾರದೆಂದು. ಒಳಗಿನದನ್ನು ಹೇಳುವ ಹೆಸರನ್ನು ಕಡತಕ್ಕೇ ಇಟ್ಟರೇನು ಎಂದು ಕೆಲವರಿಗೆ ಅನ್ನಿಸುತ್ತದೆ, ತಾವೇ ತಿದ್ದಿಬಿಡುತ್ತಾರೆ. ನನಗೆ ಇದು ಸರಿತೋರದು. ಸಂಕಲನದ ಯಂತ್ರ ಮೂಲವನ್ನು ಹುಡುಕಿಕೊಂಡು ಬರುವುದು ಹುಟ್ಟುಹೆಸರಿನಿಂದ. ಅಡ್ಡಹೆಸರನ್ನು ಬೇರೆಡೆ ಬರೆದಿಟ್ಟುಕೊಳ್ಳಲಿ.

ಹೆಸರಿನ ಹಿಂದೆ, ಕಣ್ಣಿಗೆ ಕಾಣದಂತೆ, ಇನ್ನೊಂದು ಗುರುತೂ ಹಲವು ಕಡತಗಳಲ್ಲಿ ಇರುತ್ತದೆ. ಯುಮಿಡ್ ಎಂದು ಅದರ ಹ್ರಸ್ವನಾಮ. ಮೂವತ್ತೆರಡು ಬೈಟುಗಳ ಉದ್ದ. ಅದರ ವಿಸ್ತೃತ ರೂಪಕ್ಕೆ ಇನ್ನು ಮೂವತ್ತೆರಡು: ಯಾವ ದಿನ, ಯಾವ ಕ್ಷಣ, ಭೂಮಿಯ ಮೇಲೆ ಯಾವ ಸ್ಥಳ, ಯಾವ ದೇಶ, ಯಾವ ಸಂಸ್ಥೆ, ಯಾರು. ಪೂಜೆಗೆ ಕುಳಿತವರು ಮೊದಲು ಸಂಕಲ್ಪ ಮಾಡುವುದನ್ನು ಕೇಳಿದವರಿಗೆ ಇದೇನೂ ಹೊಸದಲ್ಲ. ಯುಗ, ಸಂವತ್ಸರ, ಮಾಸ, ತಿಥಿ, ದ್ವೀಪ, ದೇಶ, ಗೋತ್ರ, ಹೆಸರು, ಇಷ್ಟನ್ನೂ ಹೇಳಿದ ಮೇಲೆ ತಾನೆ ಕರ್ತೃ ಇಂಥವನೇ ಎಂದು ನಿಶ್ಚಯವಾಗುವುದು?

ನನ್ನ ಕ್ಯಾಮರಾದ ಹೆಸರುಗಳಲ್ಲಿ ಊರೂ ಇರಲಿಲ್ಲ, ದಿನವೂ ಇರಲಿಲ್ಲ, ಬರಿಯ ಸಂಖ್ಯೆ. ಆಗಿದ್ದ ಅನಾಹುತ ತಿಳಿಯಲು ಎರಡು ವಾರ ಬೇಕಾಯಿತು. ಕೋಶದಲ್ಲಿ ಒಂದರಿಂದ ಹನ್ನೊಂದರವರೆಗೆ ನಡುವೆ ಒಂದೂ ಬಿಡದೆ ತುಣುಕುಗಳಿದ್ದವು. ನೋಡಿದವರಾರಿಗೂ ಸಂಶಯ ಬರುವಂತಿರಲಿಲ್ಲ. ಸಂಕಲನಕ್ಕೆ ಕುಳಿತಾಗ ಎಂಟನೆಯದರಲ್ಲಿ ಬಿಸಿಲು ಒಮ್ಮೆಗೇ ಪಡಸಾಲೆಯ ಇನ್ನೊಂದು ಬದಿಗೆ ಹೋಗಿತ್ತು.

ಮತ್ತೆ ಆ ಹಳ್ಳಿಗೆ ಹೋದೆ. ಅಜ್ಜಿ ಬೇಸರಪಡದೆ ಕಲ್ಲಿನ ಮುಂದೆ ಕುಳಿತು ಬೇರೆ ಪದಗಳನ್ನು ಹಾಡಿದರು. ಅಂದು ಬೆಳಿಗ್ಗೆ ಹಾಡಿದ್ದನ್ನೇ ಕೇಳಿದಾಗ ಸ್ವಲ್ಪ ಹೊತ್ತು ಕಲ್ಲಿನ ಗೂಟ ಹಿಡಿದು ಯೋಚಿಸಿ, "ಅವತ್ತಿಂದು ಅವತ್ತಿಗೇ ಬಂದಿತ್ತಪ್ಪಾ ತಮ್ಮಾ, ಈಗ ನೆನಪಾಗವಲ್ದು" ಎಂದರು.

ಈಗ ನಾನು ಕಾರ್ಡಿಗೊಂದು ಕೋಶ ಮಾಡುತ್ತೇನೆ. ಅದರ ಮೇಲೆ ದಿನ, ಊರು, ಕ್ಯಾಮರಾ, ಕಾರ್ಡಿನ ಸಂಖ್ಯೆ ಬರೆಯುತ್ತೇನೆ. ಎರಡು ಕಡೆ ಪ್ರತಿಯಾಗುವ ತನಕ ಕಾರ್ಡನ್ನು ಒರಸುವುದಿಲ್ಲ. ಆ ಹಳೆಯ ಕೋಶವನ್ನು ಮಾತ್ರ ಹಾಗೆಯೇ ಇಟ್ಟಿದ್ದೇನೆ. ಒಂದರಿಂದ ಏಳರ ತನಕ ಮಧ್ಯಾಹ್ನ, ಎಂಟರಿಂದ ಹನ್ನೊಂದರ ತನಕ ಬೆಳಗು.