ನಿಮಗಿದು ಗೊತ್ತೇ? ಹೊಗೆಗೆ ತೆರಿಗೆ, ಜೇಬಿಗೆ ಕಾಸು

ಇಂಗಾಲದ ಮೇಲೆ ಮೊದಲು ತೆರಿಗೆ ಹಾಕಿದ ದೇಶ ಫಿನ್ಲೆಂಡ್, 1990ರಲ್ಲಿ. ಮರುವರ್ಷವೇ ಸ್ವೀಡನ್ ಅದೇ ದಾರಿ ಹಿಡಿಯಿತು. ಎರಡೂ ಪಿಂಚಣಿ, ಉಚಿತ ಶಾಲೆ, ಹೆರಿಗೆ ಭತ್ಯೆಗೆ ಹೆಸರಾದ ನಾಡುಗಳು. ಕಷ್ಟಕ್ಕೆ ಸರ್ಕಾರ ಒದಗಿಬರುತ್ತದೆ ಎಂಬ ನಂಬಿಕೆ ಇರುವ ಕಡೆ ಹೊಸ ತೆರಿಗೆ ಅಷ್ಟಾಗಿ ಕಹಿಯಾಗುವುದಿಲ್ಲ.

ನಂಬಿಕೆ ಇಲ್ಲದಿದ್ದರೆ ಏನಾಗುತ್ತದೆ? ಫ್ರಾನ್ಸನ್ನು ಕೇಳಿ. ಡೀಸೆಲ್ ಮೇಲಿನ ತೆರಿಗೆ ಏರಿಕೆ ವಿರುದ್ಧ 2018ರ ನವೆಂಬರ್ 17ರಂದು ಜನ ರಸ್ತೆಗಿಳಿದರು. ಕಾರಿನಲ್ಲಿ ಕಡ್ಡಾಯವಾಗಿ ಇಟ್ಟುಕೊಳ್ಳಬೇಕಾದ ಹಳದಿ ಜಾಕೆಟ್ಟೇ ಅವರ ಸಮವಸ್ತ್ರ. ಹೆಚ್ಚಿನವರು ಬಸ್ಸು ಅಪರೂಪವಾದ ಊರುಗಳವರು, ಕಾರಿಲ್ಲದೆ ಕೆಲಸಕ್ಕೆ ಹೋಗಲಾರದವರು. ಡಿಸೆಂಬರ್‌ನಲ್ಲಿ ಸರ್ಕಾರ ಏರಿಕೆಯನ್ನೇ ಕೈಬಿಟ್ಟಿತು.

ಅದೇ ಫ್ರಾನ್ಸ್ 2024ರ ಜನವರಿಯಲ್ಲಿ ಕಡಿಮೆ ಆದಾಯದವರಿಗೆ ತಿಂಗಳಿಗೆ ಸುಮಾರು 100 ಯೂರೋಗೆ ಎಲೆಕ್ಟ್ರಿಕ್ ಕಾರನ್ನು ಬಾಡಿಗೆಗೆ ಕೊಡಲು ಹೊರಟಿತು. ಸುಮಾರು 50,000 ಬುಕಿಂಗ್ ಬಂದು, ಕೆಲವೇ ವಾರಗಳಲ್ಲಿ ಆ ವರ್ಷದ ಬಾಗಿಲು ಮುಚ್ಚಬೇಕಾಯಿತು! ಜನರಿಗೆ ಬೇಡವಾಗಿದ್ದದ್ದು ಪರಿಸರವಲ್ಲ, ಬಿಲ್ಲು.

ಸ್ವಿಟ್ಜರ್ಲೆಂಡ್ ಇಂಧನದ ಇಂಗಾಲ ತೆರಿಗೆಯ ಸುಮಾರು ಮೂರನೇ ಎರಡು ಪಾಲನ್ನು ಜನರಿಗೂ ಉದ್ಯಮಗಳಿಗೂ ಹಿಂದಿರುಗಿಸುತ್ತದೆ. ಹೇಗೆ ಅಂತೀರಾ? ಜನರ ಪಾಲನ್ನು ಆರೋಗ್ಯ ವಿಮೆಯ ಕಂತಿನಲ್ಲಿ ಕಳೆದು. ನೂರಾರು ಫ್ರಾಂಕಿನ ಬಿಲ್ಲಿನಲ್ಲಿ ತಿಂಗಳಿಗೆ ಸುಮಾರು ಐದು ಫ್ರಾಂಕಿನ ಒಂದು ಸಾಲು. ಯಾರ ಕಣ್ಣಿಗೆ ಬೀಳಬೇಕು? 2021ರಲ್ಲಿ ತೆರಿಗೆಯನ್ನು ಬಿಗಿಗೊಳಿಸುವ ಕಾಯ್ದೆಯನ್ನು ಜನಮತಗಣನೆಯಲ್ಲಿ ಅಲ್ಲಿನ ಮತದಾರರೇ ತಿರಸ್ಕರಿಸಿದರು.

ಕೆನಡಾದ ಕಥೆ ಇನ್ನೂ ಸ್ವಾರಸ್ಯ. ಬಹುತೇಕ ಕುಟುಂಬಗಳಿಗೆ ಕಟ್ಟಿದ್ದಕ್ಕಿಂತ ಹೆಚ್ಚು ದುಡ್ಡು ವಾಪಸ್ ಬರುತ್ತಿತ್ತು, ಹಳ್ಳಿಗಳವರಿಗೆ ಮೇಲಿಷ್ಟು. ಆದರೆ ಮೊದಲು ಅದು ಬಂದದ್ದು ವರ್ಷಕ್ಕೊಮ್ಮೆ, ಆದಾಯ ತೆರಿಗೆಯ ಲೆಕ್ಕದೊಳಗೆ ಸೇರಿಹೋಗಿ. 2022ರಿಂದ ಮೂರು ತಿಂಗಳಿಗೊಮ್ಮೆ ಖಾತೆಗೇ ಜಮಾ ಆಯಿತು. ಪಾಸ್‌ಬುಕ್ಕಿನಲ್ಲಿ ಮಾತ್ರ ಅದು ಯಾವ ಹಣವೆಂದು ಎಷ್ಟೋ ಬ್ಯಾಂಕುಗಳು ಸ್ಪಷ್ಟವಾಗಿ ನಮೂದಿಸಲಿಲ್ಲ. 2024ರಲ್ಲಿ ಯೋಜನೆಗೆ ಹೊಸ ಹೆಸರಿಟ್ಟು, ಬ್ಯಾಂಕುಗಳಿಗೆ ತಾಕೀತು ಮಾಡುವಷ್ಟರಲ್ಲಿ ಕಾಲ ಮಿಂಚಿತ್ತು. 2025ರ ಏಪ್ರಿಲ್ 1ಕ್ಕೆ ಜನಸಾಮಾನ್ಯರ ಮೇಲಿನ ಆ ತೆರಿಗೆ ರದ್ದು. ಪೆಟ್ರೋಲ್ ಬಂಕಿನ ದರ ದಿನಾ ಕಾಣುತ್ತದೆ, ಖಾತೆಯ ಜಮಾ ಕಾಣುವುದಿಲ್ಲ. ಯಾವ ಯೋಜನೆ ಬರೆಯುವವರೂ ಇದನ್ನು ಮರೆಯಬಾರದು ಅನ್ನಿಸುತ್ತದೆ.

ಹಾಗಂತ ಕಂಡರೆ ಸಾಕೇ? ಅದೂ ಇಲ್ಲ. ಆಸ್ಟ್ರಿಯಾ 2022ರಲ್ಲಿ ಪ್ರತಿ ವಯಸ್ಕರಿಗೆ 500 ಯೂರೋ ಕೊಟ್ಟಿತು, ಮಕ್ಕಳಿಗೆ ಅರ್ಧ. ಹೆಸರೂ ಸ್ಪಷ್ಟ: ಹವಾಮಾನ ಬೋನಸ್. ಖಜಾನೆ ಬಿಗಿಯಾದಾಗ 2025ರಲ್ಲಿ ಬೋನಸ್ಸಿಗೆ ಕತ್ತರಿ ಬಿತ್ತು. ಇಂಗಾಲ ತೆರಿಗೆ ಮಾತ್ರ ಉಳಿಯಿತು!

ಹಣದ ಬದಲು ಪ್ರಯಾಣವನ್ನೇ ಕೊಟ್ಟವರೂ ಇದ್ದಾರೆ. ಲಕ್ಸೆಂಬರ್ಗ್‌ನಲ್ಲಿ 2020ರಿಂದ ಬಸ್ಸು, ಟ್ರಾಮ್, ರೈಲು ಎಲ್ಲವೂ ಉಚಿತ. ರೈಲಿನ ಫಸ್ಟ್ ಕ್ಲಾಸಿಗೆ ಮಾತ್ರ ಕಾಸು ಬಿಚ್ಚಬೇಕು.

ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿಸಿದ ನಮ್ಮ ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದದ್ದು ಅವರ ಖರ್ಚು ಉಳಿಸಲು, ಹೊಗೆ ತಗ್ಗಿಸಲು ಅಲ್ಲ. ಆದರೆ ಕಂಡಕ್ಟರ್ ಹರಿದು ಕೊಡುವ ಶೂನ್ಯ ಟಿಕೆಟ್‌ಗಿಂತ ಕಣ್ಣಿಗೆ ಕಾಣುವ ಸಹಾಯಧನ ಬೇರೆಲ್ಲಿದೆ? ಹೊಗೆ ತಗ್ಗಬೇಕಾದರೆ ಮಾತ್ರ ಬಸ್ಸುಗಳ ಸಂಖ್ಯೆಯೂ ಏರಬೇಕು. ಕಾಲಿಡಲು ಜಾಗವಿಲ್ಲದ ಬಸ್ಸನ್ನು ನೋಡಿ ಸ್ಕೂಟರ್ ಯಾರು ಬಿಡುತ್ತಾರೆ?

ಮುಂದಿನ ಬದುಕಿಗೆ ಭರವಸೆ ಸಿಕ್ಕಾಗ ಕಲ್ಲಿದ್ದಲು ಗಣಿ ಮುಚ್ಚಲು ಒಪ್ಪಿಕೊಂಡ ಕಾರ್ಮಿಕ ಸಂಘಗಳೂ ಇವೆ. 2018ರ ಅಕ್ಟೋಬರ್‌ನಲ್ಲಿ ಸ್ಪೇನ್ ಸರ್ಕಾರ 25 ಕೋಟಿ ಯೂರೋದ ಒಪ್ಪಂದಕ್ಕೆ ಸಹಿ ಹಾಕಿತು: 48 ದಾಟಿದ ಗಣಿ ಕಾರ್ಮಿಕರಿಗೆ ಅವಧಿಗೆ ಮುನ್ನ ನಿವೃತ್ತಿ, ಕಿರಿಯರಿಗೆ ಹೊಸ ಕೆಲಸದ ತರಬೇತಿ. ಅದೇ ವರ್ಷದ ಡಿಸೆಂಬರ್ 21ರಂದು ಜರ್ಮನಿಯ ಬೊಟ್ರೋಪ್‌ನ ಕೊನೆಯ ಆಳದ ಗಣಿಯಿಂದ ತೆಗೆದ ಕೊನೆಯ ಕಲ್ಲಿದ್ದಲ ತುಂಡನ್ನು ಕಾರ್ಮಿಕರು ರಾಷ್ಟ್ರಪತಿ ಸ್ಟೈನ್‌ಮೈಯರ್ ಅವರ ಕೈಗಿತ್ತರು.

ಇದೆಲ್ಲ ಹೊಸದು ಅಂದುಕೊಂಡಿರಾ? 1933ರಲ್ಲೇ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ನಿರುದ್ಯೋಗಿ ಯುವಕರನ್ನು ಕಾಡು ಬೆಳೆಸಲು ಕಳಿಸಿದ್ದರು. ಸಂಬಳ ತಿಂಗಳಿಗೆ 30 ಡಾಲರ್. ಅದರಲ್ಲಿ 25 ನೇರ ಅಪ್ಪ-ಅಮ್ಮನಿಗೆ. 1942ರ ಹೊತ್ತಿಗೆ ಅವರು ನೆಟ್ಟ ಗಿಡಗಳು ಸುಮಾರು 300 ಕೋಟಿ.

ಇನ್ನು ಇಂದಿನ ಮಾತಿಗೆ ಬಂದರೆ, ಐರೋಪ್ಯ ಒಕ್ಕೂಟದ ಸಾಮಾಜಿಕ ಹವಾಮಾನ ನಿಧಿಯ ಅವಧಿ 2026ರಿಂದ 2032. ಸದಸ್ಯ ದೇಶಗಳ ಪಾಲೂ ಸೇರಿ ಮೊತ್ತ ಸುಮಾರು 8,670 ಕೋಟಿ ಯೂರೋ. ನೇರ ನಗದಾಗಿ ಹಂಚಬಹುದಾದದ್ದು ಶೇ. 37.5 ಮಾತ್ರ, ಮಿಕ್ಕದ್ದು ಬಡವರ ಮನೆಯ ಗೋಡೆ, ಕಿಟಕಿ, ಒಲೆಗಳ ದುರಸ್ತಿಗೆ, ಬಸ್ಸಿಗೆ.