ಟಪಾಲು ಕಚೇರಿಯಿಲ್ಲದ ಓಲೆ

1980ರ ರೈತ ಬಂಡಾಯವನ್ನು ಕಂಡ, 2015ರಿಂದ ಮಹಾದಾಯಿಯ ನೀರಿಗಾಗಿ ಹೋರಾಡಿದ ನವಲಗುಂದ ಸೀಮೆಯಲ್ಲಿ, ನಾಲ್ವರು ರೈತರು ತಮ್ಮೊಳಗೆ ಆಡಿಕೊಂಡ ಮಾತು ಯಾರ ಕೈ ಹಾಯ್ದು ಹೋಗುವುದೆಂಬ ಪ್ರಶ್ನೆ ಅಲ್ಪವಾದುದಲ್ಲ.

ವಾಟ್ಸಾಪ್ 2016ರಿಂದ ಸಂದೇಶಗಳಿಗೆ ಗೂಢಲಿಪಿಯ ಮುದ್ರೆಯೊತ್ತುತ್ತಿದೆ. ಒಳಗಿನ ಒಕ್ಕಣೆಯನ್ನು ಕಂಪನಿಯೂ ಓದಲಾರದು. ಆದರೆ ಯಾರು ಯಾರಿಗೆ ಬರೆದರೆಂಬ ಮೇಲ್ವಿಳಾಸವನ್ನು ಅದು ಬಲ್ಲದು. ಸಿಗ್ನಲ್ ಅದನ್ನೂ ಬಹುಮಟ್ಟಿಗೆ ಇಟ್ಟುಕೊಳ್ಳದು. ಬ್ರಯರ್ ಎಂಬ ಆಪಿನಲ್ಲಿಯಾದರೋ ನಡುವೆ ಟಪಾಲು ಕಚೇರಿಯೇ ಇಲ್ಲ. ಇಂಟರ್ನೆಟ್ ಇದ್ದಾಗ ಟಾರ್ ಜಾಲದಿಂದ, ಇಲ್ಲದಾಗ ಬ್ಲೂಟೂತ್, ವೈಫೈಗಳಿಂದ ಓಲೆಯು ಫೋನಿನಿಂದ ಫೋನಿಗೇ ಹೋಗುವುದು. ತೊಡಕೂ ಉಂಟು. ಎರಡೂ ಫೋನುಗಳು ಏಕಕಾಲಕ್ಕೆ ಎಚ್ಚರವಿರಬೇಕು. ಬ್ಲೂಟೂತು ನೆರೆಮನೆಯಾಚೆ ಮುಟ್ಟುವುದು ಕಷ್ಟ, ಎರಿಹೊಲದ ಹರವಿಗೆ ಅದೆಲ್ಲಿ ಸಾಲೀತು! ಗುಪ್ತಪದವನ್ನು ಮರೆತರಂತೂ ಎಲ್ಲವೂ ಹೋಯಿತು.

ಕಾಶ್ಮೀರದ ಉಗ್ರರು ಬಳಸುವರೆಂದು ಕೇಂದ್ರ ಸರಕಾರವು 2023ರ ಮೇ ತಿಂಗಳಲ್ಲಿ ಬ್ರಯರ್ ಸಹಿತ 14 ಆಪ್‌ಗಳನ್ನು ತಡೆಯಿತು. ಕಳ್ಳನೂ ಬಾಗಿಲಿಗೆ ಬೀಗ ಹಾಕುವನೆಂದು ಊರ ಬೀಗಗಳನ್ನೆಲ್ಲ ಒಡೆದಂತಾಯಿತೆಂದೇ ನಮ್ಮ ಮತ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಸಾರಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆಯೇ. ಮುದ್ರೆಯೊತ್ತಿದ ಲಕೋಟೆಯನ್ನು ಕಂಡೊಡನೆ ಬರೆದವನನ್ನು ಅಪರಾಧಿಯೆಂದು ಬಗೆಯದಿರಬೇಕೆಂದು ನಮ್ಮ ತಾಲೂಕುಗಳ ಅಧಿಕಾರಿಗಳನ್ನು ಕೇಳಿಕೊಳ್ಳುವೆವು.